ಮಂಡೇಲಾರಿಂದ ಶುರು ಮಾಡಬೇಡಿ: ವರ್ಣಭೇದ ನೀತಿಯನ್ನು ಹೈಸ್ಕೂಲಿನಲ್ಲಿ ಕಲಿಸುವ ಬಗೆ

ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ಎಂದರೇನು ಅಂತ ಹತ್ತನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಬಿಳಿಯರು ಕಪ್ಪು ಜನರನ್ನು ಕೀಳಾಗಿ ಕಂಡರು, ನೆಲ್ಸನ್ ಮಂಡೇಲಾ 27 ವರ್ಷ ಜೈಲಿನಲ್ಲಿದ್ದರು, ಹೊರಗೆ ಬಂದು ಅಧ್ಯಕ್ಷರಾದರು ಎನ್ನುತ್ತಾರೆ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಕೀಳಾಗಿ ಕಾಣುವುದಕ್ಕೆ ಅಷ್ಟೊಂದು ಕಾನೂನು ಯಾಕೆ ಬೇಕಾಯಿತು, ಅದರಿಂದ ಲಾಭ ಯಾರಿಗಾಯಿತು, ಮಂಡೇಲಾ ಜೈಲಿನಲ್ಲಿದ್ದ ಅಷ್ಟೂ ವರ್ಷ ಹೊರಗೆ ಹೋರಾಡಿದವರು ಯಾರು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಈ ಲೇಖನ ಸಮಾಜ ವಿಜ್ಞಾನದ ಮೇಷ್ಟ್ರು, ಮೇಡಂಗಳಿಗಾಗಿ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಐದಾರು ಪೀರಿಯಡ್‌ಗಳಲ್ಲಿ ಈ ಪಾಠ ಹೇಗೆ ಮಾಡಬಹುದು ಎಂದು ಬರೆಯುತ್ತಿದ್ದೇನೆ. ವರ್ಣಭೇದವನ್ನು ಮನುಷ್ಯರು ಕೂತು, ಯೋಚಿಸಿ, ಸಂಸತ್ತಿನಲ್ಲಿ ಕೈಯೆತ್ತಿ ಮಾಡಿದರು. ಗುಮಾಸ್ತರು ಮೊಹರು ಒತ್ತಿ ನಡೆಸಿದರು. ಹೆಸರೂ ಗೊತ್ತಿಲ್ಲದ ಲಕ್ಷಾಂತರ ಜನ ಅದನ್ನು ಕೆಡವಿದರು. ಮಕ್ಕಳಿಗೆ ಇದು ಮನದಟ್ಟಾದರೆ ಪಾಠ ಆಯಿತು.

ಮೊದಲ ಹೆಜ್ಜೆ: ನೆಲದ ಲೆಕ್ಕ

ಬೋರ್ಡಿನ ಮೇಲೆ ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಚೌಕ ಬರೆಯಿರಿ. ಒಟ್ಟು ನೂರು. ಇದು ದಕ್ಷಿಣ ಆಫ್ರಿಕಾದ ಭೂಮಿ. ಈಗ ಏಳು ಚೌಕಕ್ಕೆ ಮಾತ್ರ ಬಣ್ಣ ತುಂಬಿ. 1913ರ ಭೂ ಕಾಯ್ದೆ ಆಫ್ರಿಕನ್ನರಿಗೆ ಬಿಟ್ಟುಕೊಟ್ಟದ್ದು ಸುಮಾರು ಅಷ್ಟೇ. ಆಗ ದೇಶದ ಜನಸಂಖ್ಯೆಯಲ್ಲಿ ಮೂರನೇ ಎರಡು ಭಾಗ ಅವರೇ ಇದ್ದರು. ಆ ಏಳು ಚೌಕದ ಹೊರಗೆ ಅವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಹಿಡಿಯುವಂತೆಯೂ ಇಲ್ಲ. 1936ರಲ್ಲಿ ಈ ಪಾಲನ್ನು ಸುಮಾರು 13ಕ್ಕೆ ಏರಿಸಿದರು. ಇನ್ನಾರು ಚೌಕ ತುಂಬಿ, ಬೋರ್ಡು ಅಳಿಸದೆ ಹಾಗೇ ಬಿಡಿ. ಪಾಠ ಮುಗಿಯುವವರೆಗೂ ಅದು ಕಣ್ಣಿಗೆ ಬೀಳುತ್ತಿರಲಿ.

ಇಷ್ಟು ನೋಡಿದ ಮೇಲೆ 'ಹೀಗೆ ಯಾಕೆ ಮಾಡಿದರು' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಿ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್‌ನಲ್ಲಿ ಠಾಣ್ಯ ಹಾಕಿತು. ಕೆಲವೇ ವರ್ಷಗಳಲ್ಲಿ ಹೊಲ, ಮನೆ ಕೆಲಸಕ್ಕೆ ಗುಲಾಮರನ್ನು ತರಿಸಿಕೊಂಡಿತು. ಅವರಲ್ಲಿ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದ ಹಡಗು ಹತ್ತಿಸಿದವರೂ ಇದ್ದರು. ಆಮೇಲೆ ಬ್ರಿಟಿಷರು ಬಂದರು. 1867ರ ಹೊತ್ತಿಗೆ ವಜ್ರ ಸಿಕ್ಕಿತು, 1886ರಲ್ಲಿ ಜೋಹಾನ್ಸ್‌ಬರ್ಗ್ ಎದ್ದು ನಿಂತ ಜಾಗದಲ್ಲಿ ಚಿನ್ನ ಸಿಕ್ಕಿತು. ಅಲ್ಲಿನ ಚಿನ್ನ ನೆಲದ ಆಳದಲ್ಲಿತ್ತು, ಅದಿರಿನಲ್ಲಿ ಅದರ ಅಂಶವೂ ಕಡಿಮೆ. ಅಗ್ಗದ ಕೂಲಿಗಳು ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿದರೆ ಮಾತ್ರ ಗಣಿ ಲಾಭಕ್ಕೆ ಬರುತ್ತಿತ್ತು. ಸ್ವಂತ ಹೊಲ, ದನಕರು ಇರುವ ರೈತ ಭೂಮಿಯೊಳಗೆ ಯಾಕೆ ಇಳಿಯುತ್ತಾನೆ? ಅದಕ್ಕೇ ಗುಡಿಸಲಿಗೆ ತೆರಿಗೆ, ತಲೆಗೆ ತೆರಿಗೆ, ಕೊನೆಗೆ ನೆಲವನ್ನೇ ಕಸಿಯುವ ಕಾನೂನು. ತೆರಿಗೆಯನ್ನು ದುಡ್ಡಿನಲ್ಲೇ ಕಟ್ಟಬೇಕು, ದುಡ್ಡು ಗಣಿಯಲ್ಲಿ ಮಾತ್ರ ಸಿಗುತ್ತದೆ.

ಈ ಭಾಗವನ್ನು ಅವಸರ ಮಾಡದೆ ಕಲಿಸಿ. ವಸಾಹತುಶಾಹಿ ಬೇರೆ, ಜನಾಂಗೀಯ ಅನ್ಯಾಯ ಬೇರೆ ಎಂದು ಪಠ್ಯಗಳು ಎರಡು ಅಧ್ಯಾಯ ಮಾಡುತ್ತವೆ. ಇಲ್ಲಿ ಅವೆರಡೂ ಒಂದೇ ಕತೆ. ಕೋಲಾರದ ಕಡೆಯ ಶಾಲೆಗಳಿಗೆ ಇನ್ನೊಂದು ಅನುಕೂಲ ಇದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿದ್ದ ಕೆಜಿಎಫ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬು ಒಂದು ಕಡೆ, ಗಣಿ ಕಾರ್ಮಿಕರ ಲೈನ್ ಮನೆಗಳು ಇನ್ನೊಂದು ಕಡೆ. ಎಷ್ಟೋ ಮಕ್ಕಳ ತಾತಂದಿರು ಅಲ್ಲಿ ದುಡಿದವರು. ಅವರನ್ನು ಕೇಳಿಕೊಂಡು ಬರಲು ಹೇಳಿ.

1912ರ ಜನವರಿಯಲ್ಲಿ, ಅಂದರೆ ಭೂ ಕಾಯ್ದೆ ಬರುವ ಮೊದಲೇ, ಬ್ಲೂಮ್‌ಫಾಂಟೇನ್‌ನಲ್ಲಿ ಆಫ್ರಿಕನ್ ಮುಖಂಡರು ಸೇರಿ ಒಂದು ಸಂಘಟನೆ ಕಟ್ಟಿದ್ದರು. ಅದೇ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಯಿತು. ಅದರ ಮೊದಲ ಕಾರ್ಯದರ್ಶಿ ಸೋಲ್ ಪ್ಲಾಟ್ಯೆ ಪತ್ರಕರ್ತ. ನೆಲ ಕಳೆದುಕೊಂಡು ದನಕರು ಹೊಡೆದುಕೊಂಡು ಬೀದಿಗೆ ಬಿದ್ದ ಕುಟುಂಬಗಳನ್ನು ಅವರು ಸೈಕಲ್ ಮೇಲೆ ತಿರುಗಿ ಕಂಡು ಬರೆದರು. 1914ರಲ್ಲಿ ನಿಯೋಗದೊಂದಿಗೆ ಲಂಡನ್ನಿಗೂ ಹೋಗಿ ಮನವಿ ಮಾಡಿದರು. ಬ್ರಿಟಿಷ್ ಸರ್ಕಾರ ಕೈಚೆಲ್ಲಿತು. ಹೋರಾಟ ಅರ್ಜಿ ಹಿಡಿದು ಶುರುವಾಯಿತು ಎಂಬುದನ್ನು ಮಕ್ಕಳು ನೆನಪಿಟ್ಟುಕೊಳ್ಳಲಿ. ಮುಂದೆ ಬೇಕಾಗುತ್ತದೆ.

ಎರಡನೇ ಹೆಜ್ಜೆ: ಒಂದು ಮನೆ, ಒಂದು ದಿನ

ಕಾನೂನುಗಳ ಪಟ್ಟಿ ಬರೆಸಿದರೆ ಮಕ್ಕಳು ಉರು ಹೊಡೆದು ಮರೆಯುತ್ತಾರೆ. ಅದರ ಬದಲು ಒಂದು ಕಲ್ಪಿತ ಕುಟುಂಬ ಇಟ್ಟುಕೊಳ್ಳಿ. ಅದು ಕಲ್ಪಿತ ಎಂದು ಮೊದಲೇ ಹೇಳಿಬಿಡಿ. ವರ್ಷ 1960. ಅಪ್ಪ ಜೋಹಾನ್ಸ್‌ಬರ್ಗ್‌ನಲ್ಲಿ ಕಾರ್ಖಾನೆ ಕೂಲಿ, ಅಮ್ಮ ಬಿಳಿಯರ ಮನೆಯಲ್ಲಿ ಮನೆಕೆಲಸದಾಕೆ, ಮಗಳು ಏಳನೇ ತರಗತಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಇವರು ಏನೇನು ಮಾಡುತ್ತಾರೆ ಎಂದು ಮಕ್ಕಳಿಂದಲೇ ಹೇಳಿಸಿ ಬೋರ್ಡಿನ ಎಡಕ್ಕೆ ಬರೆಯಿರಿ. ಪ್ರತಿಯೊಂದರ ಎದುರು ಬಲಕ್ಕೆ ಕಾನೂನು ಬರೆಯುತ್ತಾ ಹೋಗಿ.

ಅಪ್ಪ ಮನೆ ಬಿಡುವ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಪಾಸ್ ಪುಸ್ತಕ ಇದೆಯೇ? 1952ರ ಕಾಯ್ದೆಯ ಪ್ರಕಾರ 16 ದಾಟಿದ ಪ್ರತಿ ಆಫ್ರಿಕನ್ ಗಂಡಸೂ ಅದನ್ನು ಸದಾ ಹೊತ್ತು ತಿರುಗಬೇಕು. ಫೋಟೊ, ಬೆರಳಚ್ಚು, ಯಾರ ಬಳಿ ಕೆಲಸ, ತೆರಿಗೆ ಕಟ್ಟಿದ್ದಾನೋ ಇಲ್ಲವೋ ಎಲ್ಲವೂ ಅದರಲ್ಲಿರುತ್ತಿತ್ತು. ಪೊಲೀಸ್ ಕೇಳಿದಾಗ ಇಲ್ಲದಿದ್ದರೆ ಅಲ್ಲೇ ಬಂಧನ. ಆ ಕಾಯ್ದೆಯ ಹೆಸರಿನಲ್ಲಿ ಇದ್ದದ್ದು ಮಾತ್ರ 'ಪಾಸುಗಳ ರದ್ದತಿ'. ಹಳೆಯ ಬಗೆಬಗೆಯ ಪಾಸುಗಳನ್ನು ರದ್ದು ಮಾಡಿ, ಎಲ್ಲರ ಕೊರಳಿಗೂ ಒಂದೇ ಪುಸ್ತಕ ಕಟ್ಟಿದರು. ಕಾನೂನಿನ ಹೆಸರು ಏನು ಹೇಳುತ್ತದೆ, ಒಳಗೆ ಏನಿದೆ ಎಂದು ಎರಡನ್ನೂ ಓದುವ ಅಭ್ಯಾಸ ಮಕ್ಕಳಿಗೆ ಇಲ್ಲಿಂದಲೇ ಬರಲಿ.

ಅಮ್ಮ ಬಸ್ಸಿಗೆ ಕಾಯುತ್ತಾಳೆ. ಬಿಳಿಯರ ಬೆಂಚು ಖಾಲಿ ಇದ್ದರೂ ಕೂರುವಂತಿಲ್ಲ. 1953ರ ಪ್ರತ್ಯೇಕ ಸೌಲಭ್ಯಗಳ ಕಾಯ್ದೆ ಬೇರೆ ಬೇರೆ ಬೆಂಚು, ಬಾಗಿಲು, ಕಡಲತೀರ ಮಾಡಿದ್ದಷ್ಟೇ ಅಲ್ಲ, ಅವು ಸಮನಾಗಿ ಇರಬೇಕಾಗಿಯೂ ಇಲ್ಲ ಎಂದು ನೇರವಾಗಿಯೇ ಹೇಳಿತು. ಊರಿಂದ ತಮ್ಮ ನೋಡಲು ಬಂದರೆ ಅನುಮತಿ ಇಲ್ಲದೆ 72 ಗಂಟೆಗಿಂತ ಹೆಚ್ಚು ಪಟ್ಟಣದಲ್ಲಿ ಉಳಿಸಿಕೊಳ್ಳುವಂತಿಲ್ಲ. ಮನೆ ಎಲ್ಲಿರಬೇಕು ಎಂದು 1950ರ ಗ್ರೂಪ್ ಏರಿಯಾಸ್ ಕಾಯ್ದೆ ಹೇಳುತ್ತದೆ. ಯಾರನ್ನು ಮದುವೆಯಾಗಬಾರದು ಎಂದು 1949ರ ಕಾಯ್ದೆ ಹೇಳುತ್ತದೆ. ಮತ ಹಾಕಿ ಇದನ್ನೆಲ್ಲ ಬದಲಿಸೋಣವೆಂದರೆ ಮತವೇ ಇಲ್ಲ.

ಮಗಳ ಶಾಲೆಗೆ ಬಂದಾಗ ನಿಧಾನಿಸಿ. 1953ರ ಬಂಟು ಶಿಕ್ಷಣ ಕಾಯ್ದೆಯನ್ನು ('ಬಂಟು' ಎಂದರೆ ಸರ್ಕಾರ ಆಫ್ರಿಕನ್ನರನ್ನು ಕರೆಯುತ್ತಿದ್ದ ಹೆಸರು) ತಂದ ಮಂತ್ರಿ ವರ್ವೂರ್ಡ್, ಆಫ್ರಿಕನ್ ಮಗುವಿಗೆ ಗಣಿತ ಕಲಿಸಿ ಏನು ಪ್ರಯೋಜನ, ಕೆಲವು ಬಗೆಯ ಕೂಲಿಗಿಂತ ಮೇಲೆ ಬಿಳಿಯರ ಸಮಾಜದಲ್ಲಿ ಅವರಿಗೆ ಜಾಗವಿಲ್ಲ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ಇದನ್ನು ಹೇಳಿ ಸುಮ್ಮನಿರಿ. ಗಣಿತ ಕಷ್ಟ ಎಂದು ಗೊಣಗುವ ಮಕ್ಕಳೂ ಕಲಿಯುವ ಹಕ್ಕನ್ನೇ ಕಿತ್ತುಕೊಳ್ಳುವುದು ಎಂದರೇನು ಎಂದು ಯೋಚಿಸುತ್ತಾರೆ.

ಈ ಎಲ್ಲ ಕಾನೂನುಗಳ ಬುಡ 1950ರ ಜನಸಂಖ್ಯಾ ನೋಂದಣಿ ಕಾಯ್ದೆ. ಪ್ರತಿಯೊಬ್ಬರನ್ನೂ ಬಿಳಿಯರು, ಆಫ್ರಿಕನ್ನರು, 'ಕಲರ್ಡ್' ಅಂದರೆ ಮಿಶ್ರ ಮೂಲದವರು ಎಂದು ವಿಂಗಡಿಸಿದರು. ಭಾರತೀಯರಿಗೆ ಆಮೇಲೆ ಬೇರೆ ಪಟ್ಟಿ ಆಯಿತು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಅದು ಜಾರುತ್ತದೆಯೋ ನಿಲ್ಲುತ್ತದೆಯೋ ನೋಡಿ ಜಾತಕ ಬರೆದದ್ದೂ ಉಂಟು. 1966ರಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಶಾಲೆಯಿಂದ ಹೊರಗೆ ಹಾಕಿದರು. ಅಪ್ಪ ಅಮ್ಮ ಇಬ್ಬರೂ ಬಿಳಿಯರು, ಇವಳ ಮೈಬಣ್ಣ ಮಾತ್ರ ಕಂದು, ಕೂದಲು ಗುಂಗುರು. ಸರ್ಕಾರ ಅವಳನ್ನು ಬೇರೆ ವರ್ಗಕ್ಕೆ ಸೇರಿಸಿತು. ಜನಾಂಗ ಎನ್ನುವ ಗೆರೆಯನ್ನು ನಿಸರ್ಗ ಎಳೆದಿಲ್ಲ, ಕಚೇರಿ ಎಳೆಯಿತು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆಟ ಆಡಿಸಬೇಡಿ

ಇಲ್ಲಿ ಅನೇಕರಿಗೆ ಒಂದು ಆಸೆ ಹುಟ್ಟುತ್ತದೆ. ತರಗತಿಯನ್ನೇ ಎರಡು ಭಾಗ ಮಾಡಿ, ಒಂದು ಭಾಗದವರನ್ನು ನೆಲಕ್ಕೆ ಕೂರಿಸಿ, 'ಈಗ ಹೇಗನ್ನಿಸುತ್ತದೆ ಹೇಳಿ' ಎಂದು ಕೇಳುವುದು. ಪೆನ್ಸಿಲ್ ಪರೀಕ್ಷೆ ಮಾಡಿ ತೋರಿಸುವುದು. ದಯವಿಟ್ಟು ಮಾಡಬೇಡಿ. ನಮ್ಮ ತರಗತಿಗಳಲ್ಲಿ ಬಣ್ಣ, ಜಾತಿ, ಕೇರಿ ಎಂದು ಅವಮಾನ ನುಂಗಿಕೊಂಡೇ ಬರುವ ಮಕ್ಕಳು ಇರುತ್ತಾರೆ. ಅವರಿಗೆ ಅದು ಆಟ ಆಗುವುದಿಲ್ಲ. ಮಿಕ್ಕವರು ನಕ್ಕು ಮರೆಯುತ್ತಾರೆ, ಅಡ್ಡಹೆಸರು ಮಾತ್ರ ವರ್ಷಪೂರ್ತಿ ಉಳಿಯುತ್ತದೆ.

ಅನುಭವಕ್ಕೆ ಹತ್ತಿರ ಒಯ್ಯಲು ನಕಾಶೆ ಒಳ್ಳೆಯದು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಲ್ಲಿ ಎಲ್ಲ ಬಣ್ಣದವರೂ, ಮುಸಲ್ಮಾನರೂ ಕ್ರೈಸ್ತರೂ ಯಹೂದಿಗಳೂ ಒತ್ತೊತ್ತಾಗಿ ಬದುಕುತ್ತಿದ್ದರು. 1966ರ ಫೆಬ್ರವರಿ 11ರಂದು ಸರ್ಕಾರ ಅದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಊರಾಚೆಯ ಮರಳು ಬಯಲಿಗೆ ಅಟ್ಟಿ, ಮನೆಗಳ ಮೇಲೆ ಬುಲ್ಡೋಜರ್ ಓಡಿಸಿದರು. ಇಂದು ಅಲ್ಲಿರುವ ವಸ್ತುಸಂಗ್ರಹಾಲಯದ ನೆಲದ ಮೇಲೆ ಹಳೆಯ ಬಡಾವಣೆಯ ದೊಡ್ಡ ನಕಾಶೆ ಇದೆ. ಹಳೆಯ ನಿವಾಸಿಗಳು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ನಿಮ್ಮ ಮಕ್ಕಳಿಗೂ ತಮ್ಮ ಬೀದಿಯ ನಕಾಶೆ ಬರೆಯಲು ಹೇಳಿ. ಅಂಗಡಿ, ಬಾವಿ, ಆಡುವ ಜಾಗ, ಮಾತಾಡಿಸುವ ಅಜ್ಜಿಯ ಮನೆ ಎಲ್ಲವೂ ಬರಲಿ. ಬರೆದು ಮುಗಿದ ಮೇಲೆ ಡಿಸ್ಟ್ರಿಕ್ಟ್ ಸಿಕ್ಸ್ ಕತೆ ಹೇಳಿ. ಅಷ್ಟೇ ಸಾಕು, ಯಾರನ್ನೂ ನೆಲಕ್ಕೆ ಕೂರಿಸಬೇಕಾಗಿಲ್ಲ.

ಮೂರನೇ ಹೆಜ್ಜೆ: ಎದ್ದು ನಿಂತವರು

ಮಂಡೇಲಾ ಈಗ ಬರಲಿ, ಆದರೆ ಗುಂಪಿನ ನಡುವೆ ಬರಲಿ. ನಾನು ಮೂರು ದಿನಗಳನ್ನು ಆರಿಸಿಕೊಳ್ಳುತ್ತೇನೆ.

1956ರ ಆಗಸ್ಟ್ 9. ಪಾಸ್ ಪುಸ್ತಕವನ್ನು ಹೆಂಗಸರಿಗೂ ಹೇರಲು ಹೊರಟಾಗ ಸುಮಾರು 20,000 ಮಹಿಳೆಯರು ಪ್ರಿಟೋರಿಯಾದ ಸರ್ಕಾರಿ ಕಚೇರಿಗಳ ಮುಂದೆ ಸೇರಿದರು. ಕೆಲವರ ಬೆನ್ನ ಮೇಲೆ ಕೂಸು. ಕೆಲವರ ಬೆನ್ನ ಮೇಲೆ ತಾವು ಕೆಲಸ ಮಾಡುವ ಬಿಳಿಯರ ಮನೆಯ ಕೂಸು. ಪ್ರಧಾನಿ ಸ್ಟ್ರೈಡೋಮ್ ಅವರನ್ನು ಭೇಟಿಯಾಗಲಿಲ್ಲ. ಸಹಿ ಹಾಕಿದ ಅರ್ಜಿಗಳ ಕಟ್ಟುಗಳನ್ನು ಬಾಗಿಲಲ್ಲಿಟ್ಟು ಅರ್ಧ ಗಂಟೆ ಮೌನವಾಗಿ ನಿಂತರು. ಮುಂದೆ ನಿಂತವರು ಲಿಲಿಯನ್ ನ್ಗೋಯಿ, ಹೆಲೆನ್ ಜೋಸೆಫ್, ರಹೀಮಾ ಮೂಸಾ, ಸೋಫಿಯಾ ವಿಲಿಯಮ್ಸ್. ಸರ್ಕಾರದ ಲೆಕ್ಕದಲ್ಲಿ ಒಬ್ಬರು ಆಫ್ರಿಕನ್, ಒಬ್ಬರು ಬಿಳಿಯರು, ಒಬ್ಬರು ಭಾರತೀಯರು, ಒಬ್ಬರು ಕಲರ್ಡ್. ಯಾರು ಯಾರ ಜೊತೆ ಸೇರಬಾರದು ಎಂದು ಕಾನೂನು ಹೇಳಿತ್ತೋ ಅವರೇ ಅರ್ಜಿ ಹಿಡಿದು ಒಟ್ಟಿಗೆ ನಿಂತಿದ್ದರು.

1960ರ ಮಾರ್ಚ್ 21. ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್‌ನ ರಾಬರ್ಟ್ ಸೊಬುಕ್ವೆ ಕರೆಯಂತೆ ಜನ ಪಾಸು ಬಿಟ್ಟು ಪೊಲೀಸ್ ಠಾಣೆಗೆ ನಡೆದರು, 'ನಮ್ಮನ್ನು ಬಂಧಿಸಿ' ಎಂದು. ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಂತೆ 69 ಜನ ಸತ್ತರು. ಅನೇಕರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಮುಂದಿನ ತಿಂಗಳೇ ಸರ್ಕಾರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಎರಡನ್ನೂ ನಿಷೇಧಿಸಿತು. 1961ರ ಡಿಸೆಂಬರ್‌ನಲ್ಲಿ ಮಂಡೇಲಾ ಮತ್ತು ಸಂಗಾತಿಗಳು ಸಶಸ್ತ್ರ ದಳ ಕಟ್ಟಿದರು. ಗಾಂಧಿ ಸರಿಯೋ ಮಂಡೇಲಾ ಸರಿಯೋ ಎಂಬ ಚರ್ಚೆ ಇಲ್ಲಿ ಏಳುತ್ತದೆ. ಏಳಲಿ. ನೀವು ತೀರ್ಪು ಕೊಡಬೇಡಿ. 1914ರ ಲಂಡನ್ ಅರ್ಜಿ, 8,000ಕ್ಕೂ ಹೆಚ್ಚು ಜನ ಬೇಕೆಂದೇ ಕಾನೂನು ಮುರಿದು ಜೈಲಿಗೆ ಹೋದ 1952ರ ಚಳವಳಿ, 1956ರ ಮಹಿಳೆಯರು, ಶಾರ್ಪ್‌ವಿಲ್, ನಿಷೇಧ, ಇಷ್ಟನ್ನೂ ಸಾಲಾಗಿ ಬೋರ್ಡಿನ ಮೇಲೆ ಬರೆದು ಮಾತಾಡಲು ಬಿಡಿ.

1976ರ ಜೂನ್ 16. ಗಣಿತ, ಸಮಾಜ ವಿಜ್ಞಾನವನ್ನು ಆಫ್ರಿಕಾನ್ಸ್ ಭಾಷೆಯಲ್ಲೇ, ಅಂದರೆ ಡಚ್ ಮೂಲದ ಬಿಳಿಯರ ಭಾಷೆಯಲ್ಲೇ, ಕಲಿಯಬೇಕೆಂಬ ಆದೇಶದ ವಿರುದ್ಧ ಜೋಹಾನ್ಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದ ಶಾಲಾ ಮಕ್ಕಳು ಸಮವಸ್ತ್ರದಲ್ಲೇ ಬೀದಿಗಿಳಿದರು. ಪೊಲೀಸರ ಗುಂಡಿಗೆ ಬಲಿಯಾದವರಲ್ಲಿ 12 ವರ್ಷದ ಹೆಕ್ಟರ್ ಪೀಟರ್ಸನ್ ಒಬ್ಬ. ಅವನನ್ನು ಎತ್ತಿಕೊಂಡು ಓಡುತ್ತಿರುವ ಹುಡುಗ, ಪಕ್ಕದಲ್ಲಿ ಅಳುತ್ತ ಓಡುವ ಅಕ್ಕ, ಇದು ಸ್ಯಾಮ್ ನ್ಝೀಮಾ ತೆಗೆದ ಚಿತ್ರ. ಜಗತ್ತು ಕಂಡದ್ದು ಆ ಚಿತ್ರದಿಂದ. ತೋರಿಸುವುದಾದರೆ ಏನು ನೋಡಲಿದ್ದೀರಿ ಎಂದು ಮೊದಲು ಹೇಳಿ. ನೋಡಲು ಇಷ್ಟವಿಲ್ಲದ ಮಗು ತಲೆ ತಗ್ಗಿಸಿ ಕೂರಬಹುದು. ಶಾರ್ಪ್‌ವಿಲ್‌ನ ಶವಗಳ ಚಿತ್ರ ಹೈಸ್ಕೂಲಿಗೆ ಬೇಡ.

ಜೈಲಿನ ಬಗ್ಗೆ ಹೇಳಲು ಒಂದು ಊಟದ ತಟ್ಟೆ ಸಾಕು. 1964ರ ಜೂನ್ 12ರಂದು ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಸೇರಿ ಎಂಟು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಬಿಳಿಯರಾದ ಡೆನಿಸ್ ಗೋಲ್ಡ್‌ಬರ್ಗ್‌ರನ್ನು ಬೇರೆ ಮಾಡಿ ಪ್ರಿಟೋರಿಯಾದಲ್ಲಿಟ್ಟರು. ಉಳಿದವರು ರಾಬೆನ್ ದ್ವೀಪದ ಜೈಲಿಗೆ. ಅಲ್ಲಿ ಗುಜರಾತಿ ಮೂಲದ ಅಹ್ಮದ್ ಕಥ್ರಾಡಾಗೆ ಉದ್ದ ಪ್ಯಾಂಟು, ಊಟಕ್ಕೆ ಬ್ರೆಡ್ಡು. ಆಫ್ರಿಕನ್ನರಾದ ಮಂಡೇಲಾ, ಸಿಸುಲು ಅವರಿಗೆ ಚಡ್ಡಿ, ಬ್ರೆಡ್ಡಿಲ್ಲ. ಮೊಕದ್ದಮೆ ಒಂದೇ, ಶಿಕ್ಷೆ ಒಂದೇ. ಇದನ್ನು ಕೇಳಿದ ಮಕ್ಕಳು ಸಿಟ್ಟಾಗುತ್ತಾರೆ. ಸಿಟ್ಟಾಗಬೇಕಾದ ವಿಷಯವೇ.

ನಾಲ್ಕನೇ ಹೆಜ್ಜೆ: ಗಾಂಧಿಯ ಬಗ್ಗೆ ಪೂರ್ತಿ ಹೇಳಿ

1860ರಿಂದ ದಕ್ಷಿಣ ಆಫ್ರಿಕಾದ ಪೂರ್ವ ತೀರದ ನಟಾಲಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳು ಹೋದರು. ಮೊದಲ ಹಡಗು ಹೊರಟದ್ದು ಮದರಾಸಿನಿಂದ. 1893ರಲ್ಲಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ಪ್ರಸಂಗ ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಆ ವರ್ಷಗಳಲ್ಲಿ ಗಾಂಧಿ ಭಾರತೀಯರ ಹಕ್ಕಿಗಾಗಿ ವಾದಿಸುವಾಗ ಆಫ್ರಿಕನ್ನರನ್ನು ಕೀಳಾಗಿ ಬರೆದದ್ದೂ ದಾಖಲೆಯಲ್ಲಿದೆ. ತಮ್ಮನ್ನು ಅವರ ಜೊತೆ ಸೇರಿಸುವುದೇ ಅವಮಾನ ಎಂಬ ಧಾಟಿ ಅದು. 2018ರಲ್ಲಿ ಘಾನಾ ವಿಶ್ವವಿದ್ಯಾಲಯದಿಂದ ಅವರ ಪ್ರತಿಮೆ ತೆಗೆದದ್ದು ಇದೇ ಕಾರಣಕ್ಕೆ. ಅದೇ ಗಾಂಧಿಯ ಸತ್ಯಾಗ್ರಹ ಮುಂದೆ ಆಫ್ರಿಕನ್ ಹೋರಾಟಗಾರರಿಗೆ ದಾರಿ ತೋರಿತು, ಮಂಡೇಲಾ ಕೊನೆಯವರೆಗೂ ಅವರನ್ನು ಗೌರವದಿಂದ ನೆನೆದರು. ಎರಡನ್ನೂ ಹೇಳಿ. ಮುಚ್ಚಿಟ್ಟರೆ ಮಕ್ಕಳು ಮೊಬೈಲಿನಲ್ಲಿ ಅರ್ಧ ಸತ್ಯ ಓದಿ ಬರುತ್ತಾರೆ, ಮೇಷ್ಟ್ರ ಮೇಲಿನ ನಂಬಿಕೆಯೂ ಹೋಗುತ್ತದೆ.

1946ರಲ್ಲಿ ಭಾರತ ಅಲ್ಲಿನ ಭಾರತೀಯರ ಮೇಲಿನ ತಾರತಮ್ಯದ ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ವಿಜಯಲಕ್ಷ್ಮಿ ಪಂಡಿತ್ ವಾದಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರವನ್ನೂ ನಿಲ್ಲಿಸಿತು, ಸ್ವಾತಂತ್ರ್ಯ ಬರುವ ಮೊದಲೇ. 1974ರ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ ಎಂದು ಭಾರತ ಆಡಲೇ ಇಲ್ಲ, ಕಪ್ ಬಿಟ್ಟುಕೊಟ್ಟಿತು. ವರ್ಣಭೇದದ ಕಾರಣಕ್ಕೆ ದಕ್ಷಿಣ ಆಫ್ರಿಕಾವನ್ನು ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ಹೊರಗಿಟ್ಟಿದ್ದ ನಿಷೇಧ ಮುಗಿದ ಮೇಲೆ ಅವರ ತಂಡ ಮೊದಲು ಆಡಿದ್ದು 1991ರ ನವೆಂಬರ್ 10ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಹಿಂದಿನ ಬೆಂಚಿನವರು ಇಲ್ಲಿ ಎದ್ದು ಕೂರುತ್ತಾರೆ.

ಐದನೇ ಹೆಜ್ಜೆ: 'ಸಾರ್, ಇದು ನಮ್ಮ ಜಾತಿ ಥರ ಅಲ್ವಾ?'

ಈ ಪ್ರಶ್ನೆ ಖಂಡಿತ ಬರುತ್ತದೆ. ಸಿಲೆಬಸ್ ಆಚೆಗಿನದು ಎಂದು ಹಾರಿಸಬೇಡಿ. 2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ಹೇಳಿತು, ಹುಟ್ಟಿನಿಂದ ಬರುವ ತಾರತಮ್ಯ ಎರಡರಲ್ಲೂ ಒಂದೇ ಎಂದು ದಲಿತ ಸಂಘಟನೆಗಳು ವಾದಿಸಿದವು. 1946ರಷ್ಟು ಹಿಂದೆಯೇ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಸಾಮ್ಯದ ಬಗ್ಗೆ ಹೇಳಿದ್ದರು. ಡು ಬಾಯ್ಸ್ ಉತ್ತರವನ್ನೂ ಬರೆದರು. ಬೋರ್ಡಿನಲ್ಲಿ ಎರಡು ಕಾಲಂ ಎಳೆದು ಯಾವುದು ಒಂದೇ, ಯಾವುದು ಬೇರೆ ಎಂದು ಮಕ್ಕಳಿಂದಲೇ ತುಂಬಿಸಿ. ನಮ್ಮಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಅಲ್ಲಿ ಕಾನೂನೇ ಅನ್ಯಾಯ ಮಾಡುತ್ತಿತ್ತು. ಈ ವ್ಯತ್ಯಾಸ ಬರಲಿ. ಕಾನೂನು ಇದ್ದೂ ಊರಲ್ಲಿ ಏನು ನಡೆಯುತ್ತದೆ ಎಂಬುದೂ ಬರಲಿ. ಆದರೆ ಯಾವ ಮಗುವನ್ನೂ 'ನೀನು ಹೇಳು, ನಿನಗೆ ಗೊತ್ತಲ್ಲ' ಎಂದು ಎಬ್ಬಿಸಬೇಡಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಶಾಲೆಗಳಿಗೂ ಇದೇ ಮಾತು. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಿದ್ದಿಗಳು. ಕನ್ನಡ, ಕೊಂಕಣಿ ಮಾತಾಡುವ ಕನ್ನಡ ನಾಡಿನವರೇ. ಅವರ ಇತಿಹಾಸ ಈ ಪಾಠದಲ್ಲಿ ಬರಲೇಬೇಕು. ತರಗತಿಯಲ್ಲಿ ಸಿದ್ದಿ ಮಗುವಿದ್ದರೆ ಅದರ ಕಡೆ ಬೆರಳು ತೋರದೆ ಬರಬೇಕು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ, ತನಗೆ ಸಂಬಂಧವೇ ಇಲ್ಲದ ಅಪಘಾತಕ್ಕಾಗಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಅಪಘಾತ ಮಾಡಿದಾತನೂ ಆಫ್ರಿಕಾದವನು ಎಂಬುದಷ್ಟೇ ಅವಳ 'ತಪ್ಪು'. ದೊಡ್ಡ ಮಕ್ಕಳ ಜೊತೆ ಇದನ್ನು ಮಾತಾಡಿ.

ಕೊನೆಯ ಪೀರಿಯಡ್ ಮತ್ತು ಪರೀಕ್ಷೆ

1994ರ ಏಪ್ರಿಲ್ 27ಕ್ಕೆ ಪಾಠ ನಿಲ್ಲಿಸಿದರೆ ಸಿನಿಮಾ ಮುಗಿದಂತೆ ಆಗುತ್ತದೆ. ಎಲ್ಲರೂ ಮತ ಹಾಕಿದರು, ನಿಜ. ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ತಾಯಂದಿರು ಸತ್ತ ಮಕ್ಕಳ ಕತೆ ಹೇಳಿದರು, ತಪ್ಪನ್ನು ಪೂರ್ತಿ ಒಪ್ಪಿಕೊಂಡ ಕೆಲವು ಅಪರಾಧಿಗಳಿಗೆ ಕ್ಷಮೆಯೂ ಸಿಕ್ಕಿತು. ಅದು ನ್ಯಾಯವೇ ಎಂದು ಅಲ್ಲಿನವರು ಇಂದಿಗೂ ಜಗಳವಾಡುತ್ತಾರೆ. ಬೋರ್ಡಿನ ಮೇಲಿನ ಆ ನೂರು ಚೌಕಗಳನ್ನು ತೋರಿಸಿ, ಮತ ಬಂದ ಮಾತ್ರಕ್ಕೆ ಇವುಗಳ ಬಣ್ಣ ಬದಲಾಗುತ್ತದೆಯೇ ಎಂದು ಕೇಳಿ. ಭೂಮಿಯ ಮರುಹಂಚಿಕೆ ಅಲ್ಲಿ ಇನ್ನೂ ಸುಡುವ ರಾಜಕೀಯ.

ಪರೀಕ್ಷೆಯಲ್ಲಿ 'ಮಂಡೇಲಾ ಎಷ್ಟು ವರ್ಷ ಜೈಲಿನಲ್ಲಿದ್ದರು' ಎಂದು ಕೇಳುವ ಬದಲು, ಯಾವುದಾದರೂ ಒಂದು ಕಾನೂನು ಹೆಸರಿಸಿ ಅದರಿಂದ ಯಾರಿಗೆ ನಷ್ಟ, ಯಾರಿಗೆ ಲಾಭ, ಯಾರು ಹೇಗೆ ಎದುರಿಸಿದರು ಎಂದು ಐದು ವಾಕ್ಯ ಬರೆಸಿ. ದಾಖಲೆ, ಚಿತ್ರ, ಭಾಷಣಗಳು ನೆಲ್ಸನ್ ಮಂಡೇಲಾ ಫೌಂಡೇಶನ್ನಿನ ಜಾಲತಾಣದಲ್ಲಿ ಸಿಗುತ್ತವೆ. ಇಂಗ್ಲಿಷಿನಲ್ಲಿರುವುದನ್ನು ನಾವೇ ಸರಳ ಕನ್ನಡಕ್ಕೆ ತಂದು ಓದಿ ಹೇಳಬೇಕು.

ಸಿಲೆಬಸ್ ಒತ್ತಡದಲ್ಲಿ ಒಂದೇ ಪೀರಿಯಡ್ ಸಿಕ್ಕಿತು ಎನ್ನಿ. ಹತ್ತು ನಿಮಿಷ ನೂರು ಚೌಕ, ಇಪ್ಪತ್ತು ನಿಮಿಷ ಆ ಮನೆಯ ಒಂದು ದಿನ, ಉಳಿದ ಹತ್ತು ನಿಮಿಷ ಪ್ರಿಟೋರಿಯಾದ ಮಹಿಳೆಯರು. ಮಂಡೇಲಾ ಜೀವನವನ್ನು ಮಕ್ಕಳು ಪಠ್ಯದಲ್ಲೇ ಓದಿಕೊಳ್ಳುತ್ತಾರೆ.